ಪೊಲೀಸರ ಹಳೆ ಪಿಸ್ತೂಲಿಗೆ ಕುಂಕುಮ

ಗಾಜಿನ ಕಪಾಟಿನಲ್ಲಿ ಪಿಸ್ತೂಲುಗಳನ್ನು ಸಾಲಾಗಿ ಮಲಗಿಸಿದ್ದರು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಬೆಲೆಚೀಟಿ, ನಮ್ಮ ಮಂಡ್ಯದ ಪಾತ್ರೆ ಅಂಗಡಿಯಲ್ಲಿ ಕುಕ್ಕರಿನ ಹಿಡಿಗೆ ಕಟ್ಟಿರುತ್ತಾರಲ್ಲ, ಹಾಗೆ. ಮೇಲಿನ ಸಾಲಿನವು ಹೊಸವು. ಕೆಳಗಿನ ಸಾಲಿನ ಮುಂದೆ ಒಂದು ರಟ್ಟಿನ ಫಲಕ: ಪೊಲೀಸ್ ಟ್ರೇಡ್-ಇನ್. ಅಂದರೆ ಯಾವುದೋ ಊರಿನ ಪೊಲೀಸ್ ಇಲಾಖೆ ತನ್ನವರಿಗೆ ಹೊಸ ಮಾದರಿ ಕೊಳ್ಳುವಾಗ ಹಳೆಯದನ್ನು ವ್ಯಾಪಾರಿಗೆ ಕೊಟ್ಟುಬಿಡುತ್ತದೆ. ವ್ಯಾಪಾರಿ ಅದನ್ನು ಒರೆಸಿ, ಎಣ್ಣೆ ಬಿಟ್ಟು, ನಮ್ಮಂಥವರಿಗೆ ಮಾರುತ್ತಾನೆ. ಹಳೆ ಮಿಕ್ಸಿ ಕೊಟ್ಟು ಹೊಸ ಮಿಕ್ಸಿ ತರುತ್ತೇವಲ್ಲ, ಅದೇ ವ್ಯವಹಾರ.

ಮಂಡ್ಯದಲ್ಲಿ ಲೋಹ ಕಡೆಯುವ ನನ್ನ ಲೇತ್ ಶೆಡ್ ಇದ್ದದ್ದು ಪೊಲೀಸ್ ಠಾಣೆಯ ಎದುರಿಗೇ. ಅಷ್ಟು ವರ್ಷ ಲಾಠಿ ಕಂಡಿದ್ದೇನೆ, ಟೋಪಿ ಕಂಡಿದ್ದೇನೆ, ಸಾಹೇಬರ ಸೊಂಟದ ಚರ್ಮದ ಒರೆ ಕಂಡಿದ್ದೇನೆ. ಒರೆಯ ಒಳಗಿರುವುದನ್ನು ಕಂಡಿರಲಿಲ್ಲ. ಅದು ಸರ್ಕಾರದ್ದು. ಸರ್ಕಾರದ್ದು ಹಳತಾದರೆ ಸರ್ಕಾರದಲ್ಲೇ ತುಕ್ಕು ಹಿಡಿಯಬೇಕು. ಇಲ್ಲಿ ನೋಡಿದರೆ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಗಡ್ಡದವನೊಬ್ಬ ಕಾಫಿ ಹೀರುತ್ತಾ, "ಹೌ ಈಸ್ ಯುವರ್ ಡೇ, ಬಾಸ್?" ಎಂದು ಕೇಳಿ ಅದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟ. ತಣ್ಣಗಿತ್ತು. ಅದರ ನೆತ್ತಿಯ ಮೇಲೆ ನಾನು ಎಂದೂ ಕೇಳಿರದ ಊರಿನ ಹೆಸರು ಕೊರೆದಿತ್ತು.

ನಾನು ಆ ಅಂಗಡಿಗೆ ಯಾಕೆ ಹೋದೆ ಎಂಬುದನ್ನು ಹೇಳದೆ ಮುಂದಿನದು ಹೇಳಿದರೆ ನೀವು ನನ್ನನ್ನು ಪುಂಡನೆಂದುಕೊಳ್ಳುತ್ತೀರಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತ್ ಹಿಡಿದವನು. ಅಮೆರಿಕಕ್ಕೆ ಬರುವ ಜಾತಕ ನನ್ನದಲ್ಲ. ನನ್ನ ಹೆಂಡತಿ ಜಯಂತಿಯ ಅಕ್ಕ ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎವರ್‌ಗ್ರೀನ್ ಗುಡ್ಡದ ಮೇಲೆ ಡಾಕ್ಟರು. ಯಾವ ಕಾಲದಲ್ಲೋ ತಂಗಿಗೆಂದು ಅರ್ಜಿ ಹಾಕಿದ್ದರು. ನಾವು ಮರೆತೇಬಿಟ್ಟಿದ್ದಾಗ ಅದು ಹಣ್ಣಾಗಿ ಉದುರಿತು. ಆಗಿನ್ನೂ ಪುಟ್ಟವಳಾಗಿದ್ದ ಮಗಳು ಸಿಂಚನಾಳನ್ನು ಕಟ್ಟಿಕೊಂಡು ಬಂದೆವು. ಮೊದಲು ಅಕ್ಕನ ಮನೆಯ ಕೆಳಗಿನ ಕೋಣೆ. ಅವರು ಏನೂ ಅನ್ನಲಿಲ್ಲ. ಅನ್ನದಿರುವುದೇ ನನಗೆ ಭಾರವಾಯಿತು. ಹತ್ತಿರದ ನೆವಾರ್ಕಿನ ಒಂದು ಮೆಷಿನ್ ಶಾಪಿನಲ್ಲಿ ಲೇತ್ ನಡೆಸುವ ಟರ್ನರ್ ಕೆಲಸ ಸಿಕ್ಕ ಕೂಡಲೇ ಅದರ ಪಕ್ಕದ ಯೂನಿಯನ್ ಸಿಟಿಯಲ್ಲಿ ಅಪಾರ್ಟ್‌ಮೆಂಟು ಹಿಡಿದೆ. ಇಲ್ಲಿ ಅಪಾರ್ಟ್‌ಮೆಂಟು ಎಂದರೆ ಬಹುಮಹಡಿಯಲ್ಲ. ಮರದ ಹಲಗೆಯ ಎರಡಂತಸ್ತಿನ ವಠಾರ. ಮೇಲಿನವರು ನಡೆದರೆ ಕೆಳಗಿನವರ ಮುದ್ದೆ ನಡುಗುತ್ತದೆ. ಒಗ್ಗರಣೆ ಹಾಕಿದರೆ ಸೂರಿನಲ್ಲಿರುವ ಹೊಗೆ ಕಂಡುಹಿಡಿಯುವ ಯಂತ್ರ ಕಿರುಚಿಕೊಳ್ಳುತ್ತದೆ. ಜಯಂತಿ ಸಾಸಿವೆ ಸಿಡಿಸುವಾಗ ನಾನು ಕುರ್ಚಿ ಹತ್ತಿ ಅದಕ್ಕೆ ಟವಲು ಬೀಸುತ್ತಿದ್ದೆ. ಹಾಗೆ ಬೀಸುತ್ತಾ ಬೀಸುತ್ತಾ ಸಂಸಾರ ನೆಲೆ ನಿಂತಿತು.

ಇಲ್ಲಿ ಯಾರೂ ನಡೆಯುವುದಿಲ್ಲ. ಹಾಲಿಗೂ ಕಾರು, ಹೂವಿಗೂ ಕಾರು. ಜಯಂತಿ ಮಾತ್ರ ನಡೆದಳು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು. ಹತ್ತಿರದ ಡೇಕೇರಿನಲ್ಲಿ, ಅಂದರೆ ಕೆಲಸಕ್ಕೆ ಹೋಗುವವರು ಕೂಸುಗಳನ್ನು ಬಿಟ್ಟುಹೋಗುವ ಕಡೆ, ಆಯಾ ಕೆಲಸ ಹಿಡಿದು ನಡೆದೇ ಹೋಗುತ್ತಿದ್ದಳು, ನಡೆದೇ ಬರುತ್ತಿದ್ದಳು. ಯಾರ ಮನೆಯ ನಿಂಬೆಗಿಡ ಬೇಲಿಯಾಚೆ ಬಗ್ಗಿದೆ, ಯಾವ ಫಿಲಿಪಿನೋ ಅಜ್ಜಿ ನುಗ್ಗೆಸೊಪ್ಪು ಬೆಳೆದಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ಆ ಅಜ್ಜಿಗೆ ಇಂಗ್ಲಿಷು ಅರೆಬರೆ, ಇವಳಿಗೂ ಅರೆಬರೆ. ಇಬ್ಬರೂ ಗೇಟಿನಲ್ಲಿ ನಿಂತರೆ ಅರ್ಧ ಗಂಟೆ. ನಾನು ಅಮೆರಿಕವನ್ನು ಫ್ರೀವೇಯಲ್ಲಿ ಕಲಿತೆ, ಅವಳು ಕಾಲಿನಲ್ಲಿ ಕಲಿತಳು.

ಒಂದು ಮಧ್ಯಾಹ್ನ ಡೇಕೇರಿನಿಂದ ಬರುವಾಗ ಹಿಂದಿನಿಂದ ಒಬ್ಬ ಹುಡುಗ "ಆಂಟೀ" ಎಂದು ಕರೆದನಂತೆ. ವಿಳಾಸ ಕೇಳುವವನೆಂದು ತಿರುಗಿದಳು. ಕುತ್ತಿಗೆಗೆ ಕೈ ಹಾಕಿ ಮಾಂಗಲ್ಯದ ಸರ ಕಿತ್ತುಕೊಂಡು ನಿಂತಿದ್ದ ಕಾರು ಹತ್ತಿದ. ಮಂಡಿ ತರಚಿತ್ತು, ಕುತ್ತಿಗೆಯ ಮೇಲೆ ಕೆಂಪು ಗೆರೆ. ಪೊಲೀಸರು ಬಂದರು, ಬರೆದುಕೊಂಡರು, ನೀರು ಕುಡಿಸಿದರು. ಸರ ಸಿಗುವುದಿಲ್ಲ ಎಂಬುದನ್ನು ಅಷ್ಟು ಮರ್ಯಾದೆಯಾಗಿ ನಮ್ಮ ಠಾಣೆಯಲ್ಲಿ ಯಾರೂ ಹೇಳುವುದಿಲ್ಲ.

ಅವತ್ತು ಸಂಜೆ ಅವಳು ಅರಿಸಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ನಡೆಯುವುದನ್ನು ಬಿಟ್ಟಳು. ಒಂದು ಕೈ ಸದಾ ಕತ್ತಿನ ಮೇಲೆ. ನಾನು ಕಾರಿನಲ್ಲಿ ಬಿಡುತ್ತೇನೆಂದರೂ ಡೇಕೇರಿಗೆ ಹೋಗಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಅಜ್ಜಿ ನುಗ್ಗೆಸೊಪ್ಪು ತಂದು ಬಾಗಿಲು ತಟ್ಟಿದರೆ ಇವಳು ಒಳಗೆ ಉಸಿರು ಹಿಡಿದು ನಿಲ್ಲುತ್ತಿದ್ದಳು. ಹೊರಗೆ ಬರುವುದು ಒಂದೇ ಜಾಗಕ್ಕೆ, ದೇವಸ್ಥಾನಕ್ಕೆ. ಅದು ಫ್ರೀವೇ ಪಕ್ಕ, ಹಿಂದೆ ಗೋದಾಮಾಗಿದ್ದ ಕಟ್ಟಡ. ಗೋಪುರವಿಲ್ಲ, ಮುಂದೆ ದೊಡ್ಡ ಪಾರ್ಕಿಂಗು. ಅಲ್ಲಿ ಅವಳ ಕೈ ಕತ್ತಿನಿಂದ ಕೆಳಗಿಳಿಯುತ್ತಿತ್ತು.

"ಈ ಊರು ಸಾಕು ಕಣ್ರೀ ನಂಗೆ," ಎಂದಳು ಒಂದು ದಿನ. "ನಾನು ಹಾಸನಕ್ಕೆ ಒಂಟೋಯ್ತೀನಿ. ತಂಗಿ ಮನೇಲಿರ್ತೀನಿ."

"ನಾನು?"

"ನೀವೂ ಬನ್ನಿ."

ಏನಂತ ಹೋಗುವುದು? ಶೆಡ್ ಮಾರಿ ಬಂದವನು. ಮಗಳ ಕಾಲೇಜು ಅರ್ಧಕ್ಕೆ ಬಂದಿದೆ. ಈ ವಯಸ್ಸಿಗೆ ಮಂಡ್ಯದಲ್ಲಿ ಇನ್ನೊಬ್ಬನ ಶೆಡ್ಡಿನಲ್ಲಿ ಕೈ ಕಟ್ಟಿ ನಿಲ್ಲಲೇ? ಜಯಂತಿ ಮತ್ತೆ ಈ ಬೀದಿಯಲ್ಲಿ ನಡೆಯುವಂತೆ ಮಾಡಬೇಕು, ಇಲ್ಲವಾದರೆ ಅವಳು ಇಲ್ಲಿ ಉಳಿಯುವುದಿಲ್ಲ. ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಆ ದಿನಗಳಲ್ಲಿ ಕನ್ನಡದವರ ಊಟಕ್ಕೆ ಹೋದರೆ ಗಂಡಸರ ಮಾತೆಲ್ಲ ಪಿಸ್ತೂಲಿನದೇ. ಎವರ್‌ಗ್ರೀನಿನಲ್ಲಿ ಕಳ್ಳರು ಚಿನ್ನಕ್ಕಾಗಿ ನಮ್ಮವರೊಬ್ಬರ ಮನೆ ಒಡೆದಿದ್ದರು. ಮೊದಲು ಎಲೆಕ್ಟ್ರಿಕ್ ಕಾರಿನ ಮಾತಾಡುತ್ತಿದ್ದವರು ಈಗ ಇದರ ಮಾತಾಡುತ್ತಿದ್ದರು, ಅದೇ ದನಿಯಲ್ಲಿ. ಹಾಸನದ ಕಡೆಯ ಇಂಜಿನಿಯರ್ ಸುರೇಶ ನನ್ನ ಪಕ್ಕ ತಟ್ಟೆ ಹಿಡಿದು ನಿಂತಿದ್ದ.

"ನಂಜಣ್ಣ, ಹೊಸದು ಬೇಡ ನಿಮ್ಗೆ. ಪೊಲೀಸ್ ಟ್ರೇಡ್-ಇನ್ ನೋಡಿ. ಹಳೇ ಜೀಪ್ ಇದ್ದಂಗೆ, ಕೆಡೋದೇ ಇಲ್ಲ. ಮೇಲೆ ಸ್ವಲ್ಪ ಸ್ಕ್ರ್ಯಾಚ್ ಇರುತ್ತೆ ಅಷ್ಟೆ."

"ನೀನು ತಗೊಂಡ್ಯಾ?"

"ನನ್ ವೈಫು ಬ್ಯಾಟ್ ಕೂಡ ಮನೇಲಿಡಕ್ಕೆ ಬಿಡಲ್ಲ," ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ಹೋದ.

ಇಲ್ಲಿ ಪಿಸ್ತೂಲು ಕೊಳ್ಳುವುದು ತರಕಾರಿ ಕೊಂಡಷ್ಟು ಸುಲಭ ಎಂದು ಊರಿನಲ್ಲಿ ಅಂದುಕೊಂಡಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಮೊದಲು ಒಂದು ಪರೀಕ್ಷೆ ಬರೆಯಬೇಕು. ಏಳನೇ ಕ್ಲಾಸಿನಲ್ಲಿ ಪರೀಕ್ಷೆಗೆ ಹೆದರಿ ಓಡಿದವನಿಗೆ ಐವತ್ತರ ಮೇಲೆ ಇಂಗ್ಲಿಷಿನಲ್ಲಿ ಪರೀಕ್ಷೆ. ಸಿಂಚನಾ ಪುಸ್ತಕ ಹಿಡಿದು ಕೂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು.

"ಅಪ್ಪಾ, ದಿಸ್ ಈಸ್ ಇನ್‌ಸೇನ್."

"ಓದು."

"ರೂಲ್ ಒನ್. ಟ್ರೀಟ್ ಆಲ್ ಗನ್ಸ್ ಆಸ್ ಇಫ್ ದೇ ಆರ್ ಲೋಡೆಡ್."

"ಅಂದ್ರೆ ಖಾಲಿ ಇದ್ರೂ ತುಂಬಿದೆ ಅಂತ್ಲೇ ತಿಳ್ಕೋಬೇಕು."

"ಯಾ. ಲೈಕ್ ಯು ವಿತ್ ಅಮ್ಮ," ಎಂದಳು. ಅಡುಗೆಮನೆಯಲ್ಲಿ ಜಯಂತಿ ಪಾತ್ರೆ ಸದ್ದು ಮಾಡಿದಳು. ನಾನೂ ಮಗಳೂ ನಕ್ಕೆವು. ಪರೀಕ್ಷೆಯಲ್ಲಿ ಮೊದಲ ಸಲವೇ ಪಾಸಾದೆ. ಅಂಗಡಿಯವನು ಕೈ ಕುಲುಕಿದ. ಈ ದೇಶದಲ್ಲಿ ನಾನು ಪಾಸು ಮಾಡಿದ ಕಾಗದದ ಪರೀಕ್ಷೆ ಡ್ರೈವಿಂಗ್ ಬಿಟ್ಟರೆ ಅದೊಂದೇ. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿತು.

ಸೆಕೆಂಡ್ ಹ್ಯಾಂಡ್ ಲೇತ್ ಕೊಳ್ಳುವವನು ಬಣ್ಣ ನೋಡುವುದಿಲ್ಲ, ಸವೆತ ನೋಡುತ್ತಾನೆ. ನಾನೂ ಹಾಗೇ ನೋಡಿದೆ. ಹೊರಗೆ ಒರೆಯಲ್ಲಿ ಉಜ್ಜಿ ಉಜ್ಜಿ ಅಂಚಿನ ಕಪ್ಪು ಹೋಗಿ ಬಿಳಿಯ ಉಕ್ಕು ಕಾಣುತ್ತಿತ್ತು. ಒಳಗೆ ನಳಿಗೆ ಹೊಸದರ ಹಾಗೆ. ಯಾರೋ ಒಬ್ಬ ಪೊಲೀಸಿನವನು ವರ್ಷಗಟ್ಟಲೆ ಸೊಂಟದಲ್ಲಿ ಹೊತ್ತು ತಿರುಗಿದ್ದಾನೆ, ಹಾರಿಸಿದ್ದು ಕಡಿಮೆ. ಒಳ್ಳೆ ಮಾಲು ಎಂದುಕೊಂಡೆ. ಕಾನೂನಿನಂತೆ ಕೆಲವು ದಿನ ಕಾಯಿಸಿ, ವಿಚಾರಣೆ ಮಾಡಿ, ಕೊಟ್ಟರು. ಬೀಗದ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಉಪಕರಣ ಏನೇ ಬರಲಿ, ಸುತ್ತಿಗೆಯಾಗಲಿ ಮಿಕ್ಸಿಯಾಗಲಿ, ಮನೆಯ ಹೆಂಗಸು ಅರಿಸಿನ ಕುಂಕುಮ ಇಡದೆ ನಾವು ಬಳಸುವುದಿಲ್ಲ. ಶೆಡ್ಡಿನ ಲೇತಿಗೂ ಜಯಂತಿಯೇ ಇಟ್ಟಿದ್ದಳು. ಪೆಟ್ಟಿಗೆ ತೆರೆದು ಊಟದ ಮೇಜಿನ ಮೇಲಿಟ್ಟು, "ಇಡು," ಎಂದೆ.

ಅವಳು ಕುಂಕುಮದ ಬಟ್ಟಲು ಹಿಡಿದೇ ಬಂದಳು. ಬಗ್ಗಿ ನೋಡಿದಳು. ಉಕ್ಕು ಕಾಣುವ ಅಂಚಿನ ಹತ್ತಿರ ಬೆರಳು ತಂದು ನಿಲ್ಲಿಸಿದಳು.

"ಹಳೇದಾ?"

"ಪೊಲೀಸ್ನೋರದು. ಬಲು ಗಟ್ಟಿ."

"ಯಾರನ್ನಾದ್ರೂ ಹೊಡೆದದಾ ಇದು?"

ನಾನು ಸವೆತದ ಲೆಕ್ಕ ಹೇಳಿದೆ. ನಳಿಗೆ ಹೊಸದರ ಹಾಗಿದೆ, ಹೆಚ್ಚು ಹಾರಿಸಿಲ್ಲ ಎಂದೆ.

"ಹೆಚ್ಚು ಯಾಕೆ ಬೇಕು, ಒಂದೇ ಸಾಕಲ್ವಾ," ಎಂದಳು. "ಯಾವ ತಾಯಿ ಮಗ ಹೋಗವ್ನೋ ಇದ್ರಿಂದ. ಗೊತ್ತಾಗ್ದೆ ನಾನು ಕುಂಕುಮ ಇಡಲ್ಲ. ಕುಂಕುಮ ಇಡದ ಸಾಮಾನು ಮನೇಲಿ ಮಡಗ್ಬೇಡಿ."

ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾರನೆಯ ವಾರ ಮತ್ತೆ ಅಂಗಡಿಗೆ ಹೋಗಿ ಗಡ್ಡದವನನ್ನು ಕೇಳಿದೆ. ಅವನು ನಗಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಗೌರವವಿದೆ. ಹೆಚ್ಚಿನವು ಒರೆ ಬಿಟ್ಟು ಹೊರಗೇ ಬಂದಿರುವುದಿಲ್ಲ, ಬಾಸ್, ಎಂದ. ಆದರೆ ಇದೊಂದರದು ನನಗೆ ಗೊತ್ತಿಲ್ಲ, ಯಾರೂ ಹೇಳುವುದಿಲ್ಲ ಎಂದ. ಸಿಂಚನಾಳ ಕೈಯಲ್ಲಿ ಆ ಕೊರೆದ ಊರಿನ ಪೊಲೀಸರಿಗೆ ಫೋನು ಮಾಡಿಸಿದೆ. ಅವರು ಅವಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸಿ ಕೊನೆಗೆ ಸಂಗೀತ ಕೇಳಿಸಿದರು. ಅವಳು ಫೋನಿಟ್ಟು, "ಅಪ್ಪಾ, ಶೀ ಈಸ್ ನಾಟ್ ಸ್ಕೇರ್ಡ್ ಆಫ್ ಥೀವ್ಸ್ ಎನಿಮೋರ್. ಶೀ ಈಸ್ ಸ್ಕೇರ್ಡ್ ಆಫ್ ದಟ್ ಕಪ್‌ಬೋರ್ಡ್," ಎಂದಳು. ಕಳ್ಳರ ಭಯ ಹೋಗಿ ಬೀರುವಿನ ಭಯ ಬಂದಿದೆ ಎಂದು. ನಿಜವೇ. ಜಯಂತಿ ಆ ಬೀರುವಿದ್ದ ಕೋಣೆ ಗುಡಿಸುವುದನ್ನೂ ಬಿಟ್ಟಿದ್ದಳು. ಮಲಗುವುದು ಮಗಳ ಕೋಣೆಯಲ್ಲಿ.

ಆಗ ವಾಪಸು ಕೊಟ್ಟುಬಿಡಬಹುದಿತ್ತು. ಹಾಗೆ ಮಾಡಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಿದ್ದೆ. ಹೆಂಡತಿಯನ್ನು ಕಾಯಲು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಲೋಹಕ್ಕೆ ಮೈಲಿಗೆ ಇದ್ದರೆ ತೊಳೆಯುವ ದಾರಿಯೂ ಇರಬೇಕಲ್ಲವೇ? ಅವಳು ಇಡದಿದ್ದರೇನು, ದೇವಸ್ಥಾನದ ಅರ್ಚಕರು ಇಟ್ಟರೆ ಅವಳ ಮನಸ್ಸು ತಿಳಿಯಾದೀತು. ಎದುರಿಗೇ ಆಯುಧಪೂಜೆ ಬಂದಿತ್ತು.

ಇಲ್ಲಿ ಆಯುಧಪೂಜೆ ಎಂದರೆ ಕಾರಿನ ಪೂಜೆ. ಪಾರ್ಕಿಂಗಿನಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಕುಂಬಳಕಾಯಿ, ಒಳಗೆ ಟ್ಯಾಬ್ಲೆಟ್ ನೋಡುತ್ತಾ ಕೂತ ಮಕ್ಕಳು. ಜಯಂತಿ ಅಂದು ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಬಹಳ ದಿನದ ಮೇಲೆ ತಲೆಗೆ ಹೂ ಮುಡಿದಿದ್ದಳು. ಕೈ ತುಂಬ ಅರಿಸಿನ ಕಲಸಿ ತಾನೇ ಕಾರಿನ ಬಾನೆಟ್ಟಿಗೆ ಸ್ವಸ್ತಿಕ ಬರೆದಳು. ಪಕ್ಕದ ಕಾರಿನ ಬೆಂಗಳೂರಿನ ಹೆಂಗಸಿನ ಜೊತೆ ಗೊಂಬೆ ಕೂರಿಸುವ ಮಾತಾಡಿ ನಕ್ಕು, ಒಳಗೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಡಿಕ್ಕಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಅರ್ಚಕರು ಮೈಸೂರಿನ ಕಡೆಯ ಹುಡುಗ, ಪಂಚೆಯ ಮೇಲೆ ಜಾಕೆಟ್ಟು. ಗಂಟೆ ಆಡಿಸುತ್ತಾ ಬಂದರು.

"ಡಿಕ್ಕೀಲಿ ಒಂದು ಆಯುಧ ಐತೆ ಸ್ವಾಮಿ. ಅದ್ಕೂ ಒಂದು ಹೂ ಹಾಕಿ," ಎಂದೆ.

"ಟೂಲ್ ಬಾಕ್ಸಾ? ತೆಗೀರಿ ಯಜಮಾನ್ರೇ, ಇನ್ನೂ ಹತ್ತಾರು ಕಾರಿದೆ."

ಬೀಗ ತೆಗೆದು ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಗುಂಡು ತುಂಬಿರಲಿಲ್ಲ, ಅದನ್ನು ಬಲ್ಲವನು ನಾನೊಬ್ಬನೇ. ಅರ್ಚಕರು ಗಂಟೆ ಆಡಿಸುವುದನ್ನು ನಿಲ್ಲಿಸಿದರು.

"ಮುಚ್ಚಿ," ಎಂದರು ಮೆಲ್ಲಗೆ. "ಮುಚ್ಚಿಬಿಡಿ ಅಣ್ಣ. ಇದಕ್ಕೆ ಹೂ ಹಾಕಿದ್ರೆ ನನ್ ವೀಸಾ ಮೇಲೆ ನೀವು ಹೂ ಹಾಕ್ತೀರ."

ನಾನು ಮುಚ್ಚುವುದರೊಳಗೆ ಹಿಂದಿನ ಕಾರಿನವನು ನೋಡಿಯಾಗಿತ್ತು. ಮಗುವನ್ನು ಸೀಟಿನಿಂದ ಎಳೆದುಕೊಂಡು "ಗನ್, ಗನ್" ಎನ್ನುತ್ತಾ ಓಡಿದ. ಅವನು ಓಡಿದ್ದನ್ನು ನೋಡಿ ಉಳಿದವರು ಓಡಿದರು. ಯಾರದೋ ತಟ್ಟೆಯ ತೆಂಗಿನಕಾಯಿ ಡಾಂಬರಿನ ಮೇಲೆ ಉರುಳುತ್ತಾ ಹೋಯಿತು. ಈ ದೇಶದಲ್ಲಿ ದೇವಸ್ಥಾನ, ಚರ್ಚು, ಶಾಲೆಗಳಲ್ಲಿ ಏನೇನು ನಡೆದಿದೆಯೆಂದು ಸುದ್ದಿಯಲ್ಲಿ ನಾನೂ ನೋಡಿದವನೇ. ಆದರೆ ನನ್ನನ್ನು ನೋಡಿ ಯಾರಾದರೂ ಹಾಗೆ ಓಡಿಯಾರು ಎಂದು ಹೊಳೆದಿರಲಿಲ್ಲ. ನನ್ನ ಕಣ್ಣಿಗೆ ಅದು ಹೂ ಕಾಯುತ್ತಿದ್ದ ಉಪಕರಣ.

ಪೊಲೀಸರು ಬೇಗ ಬಂದರು. ಬಾಗಿಲುಗಳ ಹಿಂದೆ ನಿಂತು ಗುರಿಯಿಟ್ಟರು. ಅವರು ಹೇಳಿದಂತೆ ನಾನು ನೆಲಕ್ಕೆ ಮಲಗಿದೆ. ಕೆನ್ನೆಗೆ ಡಾಂಬರು ಬಿಸಿ. ಅಲ್ಲಿಂದ ನಮ್ಮ ಕಾರಿನ ಮುಂದಿನ ಬಾಗಿಲು ಕಾಣುತ್ತಿತ್ತು. ಕೈ ಮೇಲೆತ್ತಿ ಹೊರಗೆ ಬಾ ಎಂದು ಅವರು ಇಂಗ್ಲಿಷಿನಲ್ಲಿ ಕೂಗಿದರು. ಜಯಂತಿ ಇಳಿದಳು. ಎರಡು ಪಿಸ್ತೂಲು ಅವಳ ಕಡೆ ತಿರುಗಿದವು. ಅವಳ ಬಲಗೈ ಮೇಲೆ ಹೋಗಲಿಲ್ಲ. ಸರ ಹೋದ ದಿನದಿಂದ ಅದಕ್ಕೆ ಒಂದೇ ದಾರಿ ಗೊತ್ತಿದ್ದದ್ದು. ಸೆರಗಿನೊಳಗೆ ಕತ್ತಿನ ಕಡೆ ಹೋಯಿತು.

ಪೊಲೀಸಿನವನ ದನಿ ಒಡೆಯಿತು. "ಹ್ಯಾಂಡ್ಸ್, ಹ್ಯಾಂಡ್ಸ್."

"ಜಯಂತಿ, ಕೈ ಎತ್ತು ಕಣೇ. ಮ್ಯಾಲಕ್ಕೆ ಎತ್ತು," ಎಂದು ನಾನು ನೆಲದಿಂದ ಕೂಗಿದೆ. ಬಾಯಿ ಮುಚ್ಚು ಎಂದು ನನಗೊಬ್ಬ ಅರಚಿದ. ಅವಳು ನನ್ನನ್ನು ನೋಡಿದಳು, ಆಮೇಲೆ ಅವರನ್ನು. ಕೈಯನ್ನು ನಿಧಾನವಾಗಿ ಹೊರಗೆ ತೆಗೆದು ಎತ್ತಿದಳು. ಎರಡೂ ಅಂಗೈ ಅರಿಸಿನ.

ಅಷ್ಟೇ. ಏನೂ ಆಗಲಿಲ್ಲ. ಅರ್ಚಕರು ವಿವರಿಸಿದರು. ಪಿಸ್ತೂಲಿನ ನಂಬರು ನೋಡಿದರು, ಅದು ನನ್ನ ಹೆಸರಿನಲ್ಲೇ ಇತ್ತು. ಪೆಟ್ಟಿಗೆಯನ್ನು ಸದ್ಯಕ್ಕೆ ತಾವು ಇಟ್ಟುಕೊಳ್ಳುತ್ತೇವೆ, ಆಮೇಲೆ ಬಂದು ಕೇಳಿ ಎಂದರು. ಗುರಿಯಿಟ್ಟಿದ್ದವರಲ್ಲೊಬ್ಬ ಇನ್ನೂ ಎಳೆಯ. ಜಯಂತಿಯ ಹತ್ತಿರ ಬಂದು, "ಐ ಆಮ್ ಸೋ ಸಾರಿ, ಮ್ಯಾಮ್," ಎಂದ. ಅವಳು ತಲೆಯಾಡಿಸಿದಳು.

ಕಾರಿನಲ್ಲಿ ಮನೆಗೆ ಹೊರಟೆವು. ಯೂನಿಯನ್ ಸಿಟಿಯ ತಿರುವಿನಲ್ಲಿ ಅವಳು ರಸ್ತೆ ನೋಡುತ್ತಲೇ ಹೇಳಿದಳು: "ಸರ ಕಿತ್ಕೊಂಡೋನು ಬರೀ ಕೈಲಿ ಬಂದಿದ್ದ ಕಣ್ರೀ."



ದೇವಸ್ಥಾನದ ಸಮಿತಿಯವರು ಫೋನು ಮಾಡಿದರು. ತುಂಬ ವಿನಯ. "ತಪ್ಪು ತಿಳ್ಕೋಬೇಡಿ ಸಾರ್, ಜನ ಹೆದರಿದಾರೆ, ಕೆಲವು ತಿಂಗಳು ಈ ಕಡೆ ಬರಬೇಡಿ." ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಕಾರಿನ ಫೋಟೋ ಓಡಾಡಿತು, ಬಾನೆಟ್ಟಿನ ಮೇಲೆ ಅವಳು ಬರೆದ ಸ್ವಸ್ತಿಕದ ಸಮೇತ. ಸುರೇಶ ಹೋಳಿಗೆಯ ತಟ್ಟೆ ಹಿಡಿದು ನಿಂತದ್ದನ್ನು ಮರೆತಂತಿದ್ದ. ಎವರ್‌ಗ್ರೀನಿನ ಅಕ್ಕ ಬಂದು ತಂಗಿಯನ್ನು ಅಪ್ಪಿಕೊಂಡು ಅತ್ತರು. ನನಗೆ ಏನೂ ಅನ್ನಲಿಲ್ಲ. ಜಯಂತಿಯ ಕೈ ಕತ್ತಿನಿಂದ ಇಳಿಯುತ್ತಿದ್ದ ಒಂದೇ ಜಾಗವಿತ್ತು. ಅದನ್ನು ಅವಳಿಂದ ಕಿತ್ತದ್ದು ಕಳ್ಳನಲ್ಲ.

ಅವಳು ಜಗಳವಾಡಲಿಲ್ಲ. ಟಿಕೆಟ್ ಮಾಡಿಸಿ ಎಂದಳು, ಮಾಡಿಸಿದೆ. ನುಗ್ಗೆಸೊಪ್ಪಿನ ಅಜ್ಜಿಗೆ ಮಾತ್ರ ತಾನಾಗಿ ಬಾಗಿಲು ತೆರೆದು, ತನ್ನ ಬೂಟುಗಳನ್ನು ಕೊಟ್ಟುಬಿಟ್ಟಳು. ಇಬ್ಬರ ಅಳತೆಯೂ ಒಂದೇ ಇತ್ತು. ಏರ್‌ಪೋರ್ಟಿನಲ್ಲಿ ಸಿಂಚನಾ ಅಮ್ಮನ ಹೆಗಲಿಗೆ ತಲೆಯಿಟ್ಟು, ನಾನೆಂದೂ ಕೇಳದಷ್ಟು ಉದ್ದದ ಕನ್ನಡ ಆಡಿದಳು: "ಅಮ್ಮ, ನೀನು ಅಲ್ಲಿ ಊಟ ಸರಿಯಾಗಿ ಮಾಡು, ಆಮೇಲೆ ಬೇಗ ಬಾ." ಜಯಂತಿ "ಆಯ್ತು" ಎಂದಳು. ಯಾವುದಕ್ಕೆ ಆಯ್ತು ಎಂದಳೋ ನಾವು ಕೇಳಲಿಲ್ಲ.

ಪಿಸ್ತೂಲು ಇನ್ನೂ ಪೊಲೀಸರ ಬಳಿಯೇ ಇದೆ. ನಾನು ಕೇಳಲು ಹೋಗಿಲ್ಲ. ಊರಿನವರು ಫೋನಿನಲ್ಲಿ, ನೀನೂ ಬಂದುಬಿಡಪ್ಪ ಎನ್ನುತ್ತಾರೆ. ಬಂದು ಏನು ಮಾಡಲಿ? ಅಲ್ಲಿಗೆ ಬಂದರೆ ಅಮೆರಿಕದಲ್ಲಿ ಸೋತು ಬಂದ ಟರ್ನರ್. ಇಲ್ಲಿದ್ದರೆ ದೇವಸ್ಥಾನಕ್ಕೆ ಪಿಸ್ತೂಲು ತಂದ ಮುದುಕ. ಎರಡು ಊರಿನಲ್ಲೂ ನನಗೆ ಹೆಸರಿದೆ. ಯಾವುದೂ ನನ್ನಪ್ಪ ಇಟ್ಟದ್ದಲ್ಲ.

ಇಲ್ಲಿ ಬೆಳಗಾಗುವಾಗ ಹಾಸನದಲ್ಲಿ ಸಂಜೆ. ನಾನು ಕೆಲಸದ ಶೆಡ್ಡಿನ ಮುಂದೆ ಕಾರು ನಿಲ್ಲಿಸಿಕೊಂಡು ವಿಡಿಯೋ ಕಾಲ್ ಮಾಡುತ್ತೇನೆ. ಮೊನ್ನೆ ಮಾಡಿದಾಗ ಅವಳು ಮಾರ್ಕೆಟ್ಟಿಗೆ ಹೊರಟಿದ್ದಳು.

"ನಡ್ಕೊಂಡಾ?"

"ಇನ್ನೇನು ಆಟೋನಾ? ಎರಡೆಜ್ಜೆ ಅದೆ. ಏನ್ ತಿಂದ್ರಿ?"

"ಬ್ರೆಡ್ಡು."

"ಅದೇನ್ ತಿಂತೀರೋ ನೀವು. ಒಂದ್ನಿಮ್ಷ ತಡೀರಿ," ಎಂದು, ಕಾಲ್ ಕಟ್ ಮಾಡುವುದನ್ನು ಮರೆತು, ಫೋನನ್ನು ಬ್ಯಾಗಿನೊಳಗೆ ಹಾಕಿಕೊಂಡಳು. ಪರದೆ ಕಪ್ಪಾಯಿತು. ಬೀದಿ ಮಾತ್ರ ಕೇಳುತ್ತಿತ್ತು. ಆಟೋ ಹಾರನ್ನು, ಯಾರೋ ಸೊಪ್ಪು ಕೂಗುವುದು, ಅವಳ ಚಪ್ಪಲಿಯ ಸದ್ದು. "ಏನಪ್ಪಾ, ನಿನ್ನೆಗಿಂತ ಇವತ್ತು ಕಟ್ಟು ಸಣ್ಣ ಆಗದಲ್ಲಾ, ರಾತ್ರಿ ನೀನೇ ತಿಂದ್ಯಾ?" ಎಂದು ಕೇಳಿ ಅವಳು ನಕ್ಕಳು. ಅವಳ ಎರಡೂ ಕೈ ಆಗ ಸೊಪ್ಪಿನ ಮೇಲೇ ಇದ್ದಿರಬೇಕು.

ಶಿಫ್ಟಿನ ಗಂಟೆ ಹೊಡೆಯಿತು. ಕಾಲ್ ಕಟ್ ಮಾಡಲು ಕೈ ಬರಲಿಲ್ಲ. ಹಾಗೇ ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಹೋಗಿ, ಲೇತ್ ಶುರು ಮಾಡದೆ, ಅವಳ ಚಪ್ಪಲಿಯ ಸದ್ದು ಕೇಳುತ್ತಾ ನಿಂತೆ.